ಮಂಗಳವಾರದ ಖೈದಿ

ಜನವರಿ 11, ಭಾನುವಾರ

ಮುಂದೆ ಇತಿಹಾಸಕಾರರು ತಪ್ಪು ಬರೆಯಬಾರದೆಂಬ ಒಂದೇ ಉದ್ದೇಶದಿಂದ ಇದನ್ನು ದಾಖಲಿಸುತ್ತಿದ್ದೇನೆ.

ನಿನ್ನೆ ಸಂಜೆ, ನಮ್ಮ ಕೆಟಲ್ ಬೇ ಊರಿನ ಐಸ್ ಹಾಕಿ ಅಂಗಳದಲ್ಲಿ, ಎರಡನೆಯ ವಿರಾಮದ ಹೊತ್ತಿಗೆ, ಗಾಜಿನ ಗೂಡಿನಲ್ಲಿ ಕೂತು ಮೈಕಿನಲ್ಲಿ ಆಟಗಾರರ ಹೆಸರು ಕೂಗುವ ಹುದ್ದೆಯಲ್ಲಿರುವ ಬ್ರೋಡಿ ನೀಮಿ ಎಂಬ ನಾನು, ವಯಸ್ಸು ಇಪ್ಪತ್ತು, ಒಂದು ಪ್ರಕಟಣೆ ಮಾಡಿದೆ. ಮಂಜುಗಡ್ಡೆ ಸಮ ಮಾಡುವ ಯಂತ್ರದ ಚಾಲಕ ಗ್ಲೆನ್ ಬರ್ಟಾಕ್ ಅವರ ಸ್ಮರಣಾರ್ಥ ಎಲ್ಲರೂ ಎದ್ದು ಒಂದು ನಿಮಿಷ ಮೌನ ಆಚರಿಸಬೇಕೆಂದು ಕೋರಿದೆ. ಆರುನೂರು ಜನ ಎದ್ದರು. ಟೋಪಿ ತೆಗೆದರು. ಸರಿಯಾಗಿ ಆಗಲೇ ಗ್ಲೆನ್ ಯಂತ್ರ ಓಡಿಸಿಕೊಂಡು ಒಳಗೆ ಬಂದ. ಆ ಗದ್ದಲದಲ್ಲಿ ಅವನಿಗೆ ಏನೂ ಕೇಳಿಸಿರಲಿಲ್ಲ. ಜನ ನಿಂತಿರುವುದು ಕಂಡು ಅವನೂ ಟೋಪಿ ತೆಗೆದು ಎದೆಗೊತ್ತಿಕೊಂಡ. ಮುಖ ಸಪ್ಪಗೆ ಮಾಡಿಕೊಂಡು ತನ್ನದೇ ಶೋಕಾಚರಣೆಯ ನಡುವೆ ಎರಡು ಸುತ್ತು ಹಾಕಿದ.

ಅದು ನನ್ನ ಬಾಳಿನ ಅತ್ಯುತ್ತಮ ನಿಮಿಷ. ಅದಾದ ಮೇಲಿನ ನಿಮಿಷಗಳು ಅಷ್ಟು ಚೆನ್ನಾಗಿರಲಿಲ್ಲ. ಸಾವಿನ ಮನೆಯಲ್ಲಿ ಒಲೆ ಹಚ್ಚಿರುವುದಿಲ್ಲವೆಂದು ಗ್ಲೆನ್‌ನ ಅತ್ತೆಯ ಮನೆಗೆ ಮೂರು ಜನ ಊಟದ ಪಾತ್ರೆ ತಂದುಕೊಟ್ಟರಂತೆ.

ಅಂಗಳದ ಮೇಲ್ವಿಚಾರಕಿ ಡಾರ್ಲೀನ್ ಫಾಸಮ್ ಇವತ್ತು ಶಿಕ್ಷೆ ವಿಧಿಸಿದರು. ಕಿರುಚಲಿಲ್ಲ, ಅದೇ ಭಯ. ಮೈಕು ಅವರ ಕಪಾಟಿನಲ್ಲಿ ಬೀಗದೊಳಗೆ. ಶಿಕ್ಷೆ ಮುಗಿಯುವವರೆಗೆ ನಾನು ಆಟಗಾರರ ಬಟ್ಟೆ ಬದಲಿಸುವ ಕೋಣೆ ಉಜ್ಜಬೇಕು. ಜೊತೆಗೆ ಪ್ರತಿ ಮಂಗಳವಾರ ಸಂಜೆ ಏಳಕ್ಕೆ ಊರಿನ ಭಾಷಣ ಕೂಟಕ್ಕೆ ಹೋಗಿ, ಅಧ್ಯಕ್ಷೆಯ ಹತ್ತು ಸಹಿ ತರಬೇಕು. "ಮೈಕ್ ಮುಂದೆ ಕೂತ್ಕೊಳ್ಳೋದು ಬೇರೆ, ಜನರ ಮುಂದೆ ನಿಂತ್ಕೊಳ್ಳೋದು ಬೇರೆ. ಹೋಗಿ ನಿಂತು ಬಾ," ಎಂದರು.

ಮಾರ್ಚ್ 24ಕ್ಕೆ ನಾಕ್‌ಔಟ್ ಪಂದ್ಯಗಳು ಶುರು. ಅಷ್ಟರಲ್ಲಿ ಹತ್ತು ಸಹಿ ಆಗದಿದ್ದರೆ ಮೈಕು ಡಾರ್ಲೀನ್‌ರ ತಮ್ಮನ ಮಗ ಟ್ರೆವರ್‌ಗೆ. ಟ್ರೆವರ್ ಹೆಸರು ಕೂಗಿದರೆ ಮೂಗು ಕಟ್ಟಿದ ಬಾತುಕೋಳಿ ನೆನಪಾಗುತ್ತದೆ. ಮನುಕುಲವನ್ನು ಇದರಿಂದ ಪಾರು ಮಾಡಲೇಬೇಕು.

ಜನವರಿ 13, ಮಂಗಳವಾರ. ಸಹಿ 1.

ಸಮುದಾಯ ಭವನದ ಮಹಡಿಯ ಕೋಣೆ. ಕಾಫಿಯ ವಾಸನೆ, ಒದ್ದೆ ಉಣ್ಣೆಯ ವಾಸನೆ. ಅಧ್ಯಕ್ಷೆ ಇರ್ಯಾ ಸಲ್ಮೇಲಾ. ವಯಸ್ಸು ಎಪ್ಪತ್ನಾಲ್ಕು, ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವರು. ಅದರಲ್ಲಿ ಒಂಬತ್ತು ವರ್ಷ ಹಿಂದಿನ ಸೀಟಿನಲ್ಲಿ ನಾನಿದ್ದೆ. ಆದ್ದರಿಂದ ಪರಿಚಯದ ಅಗತ್ಯ ಬೀಳಲಿಲ್ಲ. "ಇಲ್ಲೂ ಮುಂದಿನ ಸೀಟಲ್ಲೇ ಕೂತ್ಕೋ ಮರಿ, ಕನ್ನಡಿಯಲ್ಲಿ ನೋಡೋ ವಯಸ್ಸಲ್ಲ ನಂದು," ಎಂದರು.

ಒಟ್ಟು ಸದಸ್ಯರು ಆರು. ಇರ್ಯಾ ಒಬ್ಬರು. ಎರಡನೆಯವನು ಕೊಳಾಯಿ ರಿಪೇರಿಯ ಡುವೇನ್ ಮಿಚಾನೊ. ಭಾಷಣಕಾರ ಎಷ್ಟು ಸಲ 'ಆಂ', 'ಊಂ' ಎಂದು ತಡವರಿಸಿದನೆಂದು ಲೆಕ್ಕ ಇಡುವುದು ಇವನ ಕೆಲಸ. ಪ್ರತಿ 'ಆಂ'ಗೆ ಒಂದು ಕಬ್ಬಿಣದ ನಟ್ಟನ್ನು ಕಾಫಿ ಡಬ್ಬಿಗೆ ಹಾಕುತ್ತಾನೆ. ಠಣ್. ಮುಖದಲ್ಲಿ ಒಂದು ಗೆರೆ ಅಲುಗುವುದಿಲ್ಲ. ಮೂರನೆಯವರು ಶವಸಂಸ್ಕಾರದ ವ್ಯವಸ್ಥೆ ಮಾಡುವ ಮಾರ್ಸೆಲ್ ಟ್ರೂಡೆಲ್. ಇವರು ವಿಮರ್ಶಕರು. ಮೊದಲು ಹೊಗಳಿ, ನಡುವೆ ತಪ್ಪು ಹೇಳಿ, ಕೊನೆಗೆ ಮತ್ತೆ ಹೊಗಳಬೇಕೆಂಬುದು ಕೂಟದ ನಿಯಮ. ಎರಡು ಬ್ರೆಡ್ಡಿನ ನಡುವೆ ಬೈಗುಳ ಇಟ್ಟು ಕೊಡುತ್ತಾರೆ. ನನ್ನ ಕೈ ಕುಲುಕಿ, ಬಹಳ ಮೃದುವಾಗಿ, "ಶನಿವಾರ ನಿನ್ನ ದಯೆಯಿಂದ ನನಗೆ ಎರಡು ಫೋನ್ ಬಂದ್ವು," ಎಂದರು. ಇನ್ನುಳಿದ ಮೂವರು ಬೇಕರಿಯ ಕೊವಾಲ್ಚುಕ್ ಅಕ್ಕತಂಗಿಯರು. ಮೂವರೂ ಒಂದೇ ಸಾಲಲ್ಲಿ ಕೂರುತ್ತಾರೆ. ಅವರು ತರುವ ಬೆಣ್ಣೆ ಟಾರ್ಟುಗಳು ಶಿಕ್ಷೆಯ ಘನತೆಗೆ ತಕ್ಕುದಲ್ಲ. ಆದರೂ ನಾಲ್ಕು ತಿಂದೆ.

ಕೂಟಕ್ಕೊಂದು ಕಾಯಿಲೆ ಇದೆ. ಊರಾಡಳಿತದ ನಿಯಮದ ಪ್ರಕಾರ, ಭವನದಲ್ಲಿ ಕೋಣೆ ಬೇಕಾದರೆ ಸಂಘದಲ್ಲಿ ಎಂಟು ಸದಸ್ಯರಿರಬೇಕು. ಇಲ್ಲಿರುವುದು ಆರು. ಕೋಣೆ ಖಾಲಿಯಾದರೆ ಕ್ರಿಸ್‌ಮಸ್‌ಗೆ ಬೀದಿಯಲ್ಲಿ ನಿಲ್ಲಿಸುವ ಹಲಗೆಯ ಹಿಮಸಾರಂಗಗಳನ್ನು ಇಲ್ಲಿ ಪೇರಿಸಿಡುತ್ತಾರಂತೆ. ಯಾರದಾದರೂ ಮನೆಯಲ್ಲಿ ಸೇರಬಹುದಲ್ಲ ಎಂದು ಕೇಳಿದೆ. ಇರ್ಯಾ ತಲೆಯಾಡಿಸಿದರು. ಮನೆಯಾದರೆ ಅದು ಹರಟೆ. ಗೊತ್ತಿಲ್ಲದವರು ಬಾಗಿಲು ತಳ್ಳಿಕೊಂಡು ಬರುವಂಥ ಜಾಗ ಬೇಕು, ಎಂದರು.

ಸದಸ್ಯನಾಗುತ್ತೀಯಾ ಎಂದೂ ಕೇಳಿದರು. ಅದಕ್ಕೆ ಮೊದಲು ಎಲ್ಲರೆದುರು ನಿಂತು ತನ್ನ ಬಗ್ಗೆ ನಾಲ್ಕರಿಂದ ಆರು ನಿಮಿಷ ಮಾತಾಡಬೇಕಂತೆ. ನಾನು ಶಿಕ್ಷೆಗೊಳಗಾದ ಖೈದಿ, ಖೈದಿಗಳು ಸೆರೆಮನೆಯ ಸದಸ್ಯತ್ವ ಪಡೆಯುವ ಪದ್ಧತಿ ಇಲ್ಲ ಎಂದು ವಿನಯದಿಂದ ತಿಳಿಸಿದೆ.

ಜನವರಿ 20, ಮಂಗಳವಾರ. ಸಹಿ 2.

ದಿಢೀರ್ ಭಾಷಣ ಎಂಬುದೊಂದು ಉಂಟು. ಉಣ್ಣೆಯ ಟೋಪಿಯೊಳಗಿಂದ ಚೀಟಿ ಎತ್ತಿ, ಅದರಲ್ಲಿರುವ ವಿಷಯದ ಮೇಲೆ ಎರಡು ನಿಮಿಷ ಮಾತಾಡಬೇಕು. ನನಗೆ ಬಂದದ್ದು 'ನಿನ್ನ ಮೆಚ್ಚಿನ ಬೂಟು'.

ಎದ್ದೆ. ಪೀಠದ ಹಿಂದೆ ನಿಂತೆ. ಆಮೇಲೆ ಒಂದು ನಿಮಿಷ ಹತ್ತು ಸೆಕೆಂಡುಗಳ ಕಾಲ ಕಾರ್ಯತಂತ್ರದ ಮೌನ ಪಾಲಿಸಿದೆ. ಗಾಜಿಲ್ಲದೆ ಆರು ಮುಖಗಳು ಇಷ್ಟು ಹತ್ತಿರ ಇರುತ್ತವೆಂದು ಯಾರೂ ಮುಂಚಿತವಾಗಿ ತಿಳಿಸಿರಲಿಲ್ಲ. ಗೂಡಿನ ದೊಡ್ಡ ಧ್ವನಿ ಹುಡುಕಿದೆ. ಅದು ಅಂಗಳದಲ್ಲೇ ಉಳಿದಿತ್ತು. ಬಂದು ಕೂತೆ.

ಜನ ಚಪ್ಪಾಳೆ ತಟ್ಟಿದರು. ಇಲ್ಲಿ ಎಲ್ಲದಕ್ಕೂ ತಟ್ಟುತ್ತಾರೆ. ಡುವೇನ್ ವರದಿ ಒಪ್ಪಿಸಿದ: ಆಂ ಸೊನ್ನೆ, ಊಂ ಸೊನ್ನೆ, ಕೂಟದ ಇತಿಹಾಸದಲ್ಲೇ ಅತ್ಯಂತ ಶುದ್ಧವಾದ ಭಾಷಣ.

ಇದರ ಬಗ್ಗೆ ಇನ್ನು ಬರೆಯುವುದಿಲ್ಲ.

ಫೆಬ್ರವರಿ 3, ಮಂಗಳವಾರ. ಸಹಿ 4.

ನನಗೆ ಪದವಿ ಸಿಕ್ಕಿದೆ. ದೀಪಾಧಿಕಾರಿ. ಮರದ ಪೆಟ್ಟಿಗೆ, ಅದರ ಮೇಲೆ ಮೂರು ಬಲ್ಬು. ಕನಿಷ್ಠ ಮಾತಾಡಬೇಕಾದಷ್ಟು ಹೊತ್ತು ಆಯಿತು ಎನ್ನಲು ಹಸಿರು, ಮುಗಿಸುವ ಕಡೆಗೆ ಬಾ ಎನ್ನಲು ಹಳದಿ, ನಿಲ್ಲಿಸು ಎನ್ನಲು ಕೆಂಪು. ಕೆಂಪು ಹತ್ತಿದರೆ ಊರಿನ ಮೇಯರ್ ಆದರೂ ಬಾಯಿ ಮುಚ್ಚಬೇಕು; ಮುಚ್ಚದಿದ್ದರೆ ಉಳಿದವರು ಚಪ್ಪಾಳೆ ತಟ್ಟಿ ಕೂರಿಸುತ್ತಾರೆ. ಇಂಥ ಅಧಿಕಾರವನ್ನು ನನ್ನಂಥವನ ಕೈಗೆ ಕೊಟ್ಟ ಇರ್ಯಾ ಅವರ ವಿವೇಚನೆಯ ಬಗ್ಗೆ ನನಗೆ ಆತಂಕವಿದೆ.

ಮಾರ್ಸೆಲ್ ಇವತ್ತು ಶವಪೆಟ್ಟಿಗೆಯ ಹಿಡಿಗಳ ಮೇಲೆ ಮಾತಾಡಿದರು. ನಗುತ್ತಾ ನಗುತ್ತಾ ಹಳದಿ ಹಚ್ಚಲು ನಾಲ್ಕು ಸೆಕೆಂಡು ತಡವಾಯಿತು. ಮುಂದಿನ ಸಲ ಕೈಗಡಿಯಾರ ಬಿಟ್ಟು ಅಡುಗೆಮನೆಯ ಟೈಮರ್ ತರುತ್ತೇನೆ.

ಫೆಬ್ರವರಿ 10. ಸಹಿ 5.

ಚಳಿ, ಸೊನ್ನೆಗಿಂತ ಮೂವತ್ನಾಲ್ಕು ಡಿಗ್ರಿ ಕೆಳಗೆ. ಡಾರ್ಲೀನ್‌ರ ಕಾರೂ ಸ್ಟಾರ್ಟ್ ಆಗಲಿಲ್ಲ. ಕೂಟಕ್ಕೆ ಎಲ್ಲರೂ ಬಂದಿದ್ದರು.

ಫೆಬ್ರವರಿ 24, ಮಂಗಳವಾರ. ಸಹಿ 7.

ಇವತ್ತಿನ ನನ್ನ ಪರಾಕ್ರಮವನ್ನು ವಿವರವಾಗಿ ಬರೆಯಬೇಕು.

ದಿಢೀರ್ ಭಾಷಣಗಳು ಮುಗಿಯುತ್ತಿದ್ದಾಗ ಬಾಗಿಲು ತಳ್ಳಿಕೊಂಡು ಒಬ್ಬರು ಬಂದರು. ಸಣಕಲು ಆಳು, ಕಂದು ಕೋಟು, ಕೈಯಲ್ಲಿ ಊರಾಡಳಿತದ ಮೊಹರಿನ ನೀಲಿ ಲಕೋಟೆ. ನನಗೆ ತಕ್ಷಣ ಗುರುತು ಸಿಕ್ಕಿತು: ವೆಂಡೆಲ್ ಪ್ರಾಸರ್, ಊರಾಡಳಿತ ಕಚೇರಿಯ ಗುಮಾಸ್ತ. ಅಂಗಳದ ಗೋಡೆಗೆ 'ಇಲ್ಲಿ ಉಗುಳಬಾರದು' ಅಂಟಿಸಲು ಬರುವವರು ಇವರೇ. ನೀಲಿ ಲಕೋಟೆ ಎಂದರೆ ತೆರವಿನ ನೋಟಿಸು. ಅದನ್ನು ಸಂಘದ ಸಭೆಯಲ್ಲೇ ನಿಂತು ಪೂರ್ತಿ ಓದಿ ಹೇಳಬೇಕು. ಓದಿ ಮುಗಿಸುವ ಹೊತ್ತಿಗೆ ಎಂಟು ಸದಸ್ಯರಿಲ್ಲದಿದ್ದರೆ ಮರುದಿನವೇ ಬೀಗ. ಹೋದ ವರ್ಷ ಅಂಚೆಚೀಟಿ ಸಂಗ್ರಹಿಸುವವರ ಸಂಘ ಹೀಗೇ ಹೋಯಿತು.

ಪ್ರಾಸರ್ ಬಾಗಿಲಲ್ಲೇ ನಿಂತು, ಸಭೆಯನ್ನು ಉದ್ದೇಶಿಸಿ ತಾವು ಎರಡು ಮಾತು ಹೇಳಬೇಕಿತ್ತು ಎಂದು ಗೊಣಗಿದರು. ಅಷ್ಟೇ ಸಾಕಾಯಿತು. ಕೂಟದ ಇಪ್ಪತ್ತಾರು ವರ್ಷದಲ್ಲಿ ತಾನಾಗಿಯೇ ಮಾತಾಡುತ್ತೇನೆಂದು ಬಂದ ಅತಿಥಿ ಒಬ್ಬರೂ ಇಲ್ಲ. ಕೊವಾಲ್ಚುಕ್ ಅಕ್ಕತಂಗಿಯರು ಎದ್ದು ಅವರ ಕೋಟು ಕಳಚಿದರು. ಇರ್ಯಾ ಕೈ ಕುಲುಕಿ, ಪೀಠವನ್ನು ಅವರ ವಶಕ್ಕೆ ಕೊಟ್ಟು, ಎರಡು ನಿಮಿಷ ಎಂದರು. ಇವತ್ತಿನದಾದ ಮೇಲೂ ನನಗೆ ಇನ್ನೂ ಮೂರು ಸಹಿ ಬಾಕಿ; ಕೋಣೆಗೆ ಬೀಗ ಬಿದ್ದರೆ ಮೈಕು ಟ್ರೆವರ್‌ಗೆ.

ಪ್ರಾಸರ್ ಲಕೋಟೆ ಬಿಡಿಸಿದರು. ನಾಲ್ಕು ಹಾಳೆ. ಮೂಗನ್ನು ಹಾಳೆಗೆ ತಾಗಿಸಿಕೊಂಡು ಉಪವಿಧಿ, ಅದರ ಉಪವಿಭಾಗ, ಅದರ ತಿದ್ದುಪಡಿ ಎಂದು ಶುರು ಮಾಡಿದರು. ಠಣ್, ಠಣ್, ಠಣ್ ಎಂದು ನಟ್ಟುಗಳು ಬೀಳುತ್ತಲೇ ಇದ್ದವು. ಒಂದೊಂದು ಸದ್ದಿಗೂ ಅವರು ಬೆಚ್ಚಿ ಇನ್ನೊಂದು 'ಆಂ' ಎನ್ನುತ್ತಿದ್ದರು. ಐವತ್ತೈದನೆಯ ಸೆಕೆಂಡಿಗೆ, ಮೊದಲ ಹಾಳೆಯೂ ಮುಗಿದಿರದಾಗ, ನಾನು ಕೆಂಪು ದೀಪ ಹಚ್ಚಿದೆ.

ಕೂಟ ಕೈ ತಟ್ಟಿತು. ಎಂಥ ಚಪ್ಪಾಳೆ. ಬಡಪಾಯಿ ಓದುತ್ತಲೇ ಕುರ್ಚಿಗೆ ಬಂದು ಬಿದ್ದರು. ಮಾರ್ಸೆಲ್ ಎದ್ದು ವಿಮರ್ಶೆ ಮಾಡಿದರು: ನಿಲುವು ನೆಟ್ಟಗಿತ್ತು, ಬಟ್ಟೆ ಅಚ್ಚುಕಟ್ಟಾಗಿತ್ತು, ಆದರೆ ನೀವು ಯಾಕೆ ಬಂದಿರಿ ಎಂಬುದು ತಿಳಿಯಲೇ ಇಲ್ಲ, ಮುಖ್ಯವಾದದ್ದನ್ನು ಮೊದಲು ಹೇಳಿ, ಒಟ್ಟಿನಲ್ಲಿ ನಿಮ್ಮ ಕಂಠ ಬಹಳ ಒಳ್ಳೆಯದು, ಅದನ್ನು ಕಾಗದದೊಳಗೆ ಹೂಳಬೇಡಿ. ಹೂಳುವುದರ ಬಗ್ಗೆ ಮಾರ್ಸೆಲ್ ಹೇಳಿದರೆ ನಂಬಬೇಕು. ನಟ್ಟುಗಳು ಹತ್ತೊಂಬತ್ತು. ಅತಿಥಿಗಳ ಪೈಕಿ ಉತ್ತಮ ಭಾಷಣಕಾರರೆಂದು, ಇದ್ದವರು ಒಬ್ಬರೇ ಆದ್ದರಿಂದ, ಪ್ರಾಸರ್ ಕೋಟಿಗೆ ಹಳದಿ ರಿಬ್ಬನ್ ಚುಚ್ಚಿದರು. ಒಂದು ಕೈಯಲ್ಲಿ ಲಕೋಟೆ, ಇನ್ನೊಂದರಲ್ಲಿ ಟಾರ್ಟು ಹಿಡಿದು, ತಾವು ಬಂದದ್ದೇಕೆಂದು ಮರೆತವರಂತೆ ಮೆಟ್ಟಿಲಿಳಿದು ಹೋದರು.

ಸಹಿ ಹಾಕುವಾಗ ಇರ್ಯಾ ತಲೆ ಎತ್ತಲಿಲ್ಲ. "ನಿನ್ನ ಟೈಮರ್ ಬೇಗ ಓಡ್ತಾ ಇದೆ ಅಂತ ಕಾಣ್ಸುತ್ತೆ," ಎಂದರು. ನಾನು, ಚಳಿಗೆ ಹಾಗಾಗುತ್ತೆ ಮೇಡಂ, ಎಂದೆ. "ಲಕೋಟೆ ನಾನೂ ನೋಡ್ದೆ ಮರಿ. ಆದ್ರೆ ನನ್ನ ಕೋಣೆಯಲ್ಲಿ ದೀಪ ಸುಳ್ಳು ಹೇಳಬಾರ್ದು."

ಕೂಟವನ್ನು ಉಳಿಸಿದವನಿಗೆ ಸಿಕ್ಕ ಗೌರವ ಇದು.

ಮಾರ್ಚ್ 3, ಮಂಗಳವಾರ. ಸಹಿ 8.

ಪ್ರಾಸರ್ ಮತ್ತೆ ಬಂದರು. ರಿಬ್ಬನ್ ಕೋಟಿನ ಮೇಲೇ ಇತ್ತು.

ಇವತ್ತು ಎರಡು ನಿಮಿಷಕ್ಕೆ ಎರಡು ನಿಮಿಷವನ್ನೇ ಕೊಟ್ಟೆ. ಅವರು ಲಕೋಟೆಯನ್ನು ಬಿಡಿಸದೆ ಪೀಠದ ಮೇಲಿಟ್ಟು, ಮಾರ್ಸೆಲ್ ಹೇಳಿದ್ದನ್ನು ಪಾಲಿಸಿ, ಮುಖ್ಯವಾದದ್ದನ್ನು ಮೊದಲು ಹೇಳಿದರು.

"ನಾನು ನಿಮ್ಮನ್ನ ಈ ಕೋಣೆಯಿಂದ ಖಾಲಿ ಮಾಡಿಸೋಕೆ ಬಂದಿರೋನು."

ಡುವೇನ್ ಕೈಯಲ್ಲಿದ್ದ ನಟ್ಟನ್ನು ನೋಡಿದ, ಅದನ್ನು ಜೇಬಿಗೆ ಹಾಕಿಕೊಂಡ.

"ಒಂದೂ ಆಂ ಇಲ್ದೆ ನೀವು ಹೇಳಿದ ಮೊದಲ್ನೇ ಮಾತು ಸ್ವಾಮಿ ಇದು," ಎಂದ.

ಪ್ರಾಸರ್ ನಾಚಿಕೊಂಡರು. ನಿಜವಾಗಿ, ಕಿವಿ ಕೆಂಪಾಗುವಷ್ಟು. ಆಮೇಲೆ ಉಳಿದದ್ದನ್ನು ಹೇಳಿದರು. ಹದಿನೈದು ವರ್ಷದಿಂದ ಅವರು ಊರಾಡಳಿತದ ಸಭೆಯಲ್ಲಿ ಕಾಗದ ಓದುತ್ತಿದ್ದಾರಂತೆ. ಓದುವಾಗ ಒಬ್ಬರು ಉಗುರು ಕತ್ತರಿಸುತ್ತಾರೆ, ಒಬ್ಬರು ಫೋನು ಒರೆಸುತ್ತಾರೆ. ಒಮ್ಮೆ ಒಂದೇ ಹಾಳೆಯನ್ನು ಎರಡು ಸಲ ಓದಿದರೂ ಯಾರಿಗೂ ಗೊತ್ತಾಗಲಿಲ್ಲ. ಕಳೆದ ವಾರ ಇಲ್ಲಿ ಅವರ ತಪ್ಪುಗಳನ್ನು ಎಣಿಸಿದರು. ಎಣಿಸಬೇಕಾದರೆ ಕೇಳಿರಬೇಕಲ್ಲ, ಎಂದರು. ಕೆಂಪು ಹತ್ತಿತು, ತಾವೇ ನಿಲ್ಲಿಸಿದರು. ನಟ್ಟು ಏಳು.

ತಾವು ಓದದಿದ್ದರೆ ಬೇರೊಬ್ಬರನ್ನು ಕಳಿಸುತ್ತಾರೆ, ಆದ್ದರಿಂದ ಓದಲೇಬೇಕು. ಕಚೇರಿ ಕೊಟ್ಟ ಗಡುವಿನೊಳಗೆ ಮಾರ್ಚ್ 24 ಕೊನೆಯ ಮಂಗಳವಾರ, ಆಮೇಲೆ ವರದಿ ಒಪ್ಪಿಸಬೇಕು. ಅಂದು ಹತ್ತು ನಿಮಿಷ ಕೊಡುತ್ತೀರಾ ಎಂದು ಕೇಳಿದರು. ಇರ್ಯಾ ಕೂಟದ ಕಡೆ ನೋಡಿದರು. ಯಾರಾದರೂ ಅವರನ್ನು ಮೆಟ್ಟಿಲಿಂದ ಕೆಳಗೆ ತಳ್ಳುತ್ತಾರೆಂದು ನಾನು ಆಸೆಯಿಂದ ಕಾಯುತ್ತಿದ್ದೆ. ದೊಡ್ಡ ಕೊವಾಲ್ಚುಕ್ ಅಕ್ಕ ಕೈಯೆತ್ತಿ, ನಾಲ್ಕು ಹಾಳೆಯನ್ನು ಹತ್ತು ನಿಮಿಷದಲ್ಲಿ ಓದಬೇಕಾದರೆ ಅಭ್ಯಾಸ ಬೇಕಾಗುತ್ತದೆ, ಮುಂದಿನ ವಾರ ಸ್ವಲ್ಪ ಬೇಗ ಬನ್ನಿ, ಎಂದರು.

ಇವರಿಗೆ ಹುಚ್ಚು. ಎಂಟು ಸಹಿಗಳ ಅನುಭವದ ಮೇಲೆ ಪ್ರಮಾಣೀಕರಿಸುತ್ತೇನೆ.

ಮಾರ್ಚ್ 10, ಮಂಗಳವಾರ. ಸಹಿ 9.

ಇವತ್ತು ಸಂಜೆ ಆರರಿಂದ ಕೂಟದ ಆರು ಜನ ಸೇರಿ, ತಮ್ಮನ್ನು ಹೊರಗೆ ಹಾಕುವ ನೋಟಿಸನ್ನು ಹೇಗೆ ಇನ್ನೂ ಚೆನ್ನಾಗಿ ಓದಬಹುದೆಂದು ಓದುವವರಿಗೆ ಹೇಳಿಕೊಟ್ಟರು. 'ಬೀಗ ಹಾಕಲಾಗುವುದು' ಎಂಬಲ್ಲಿ ಅವಸರ ಮಾಡಬೇಡಿ, ಅದಕ್ಕೆ ಮುಂಚೆ ಒಂದು ಉಸಿರು ನಿಲ್ಲಿಸಿ, ಭಾರ ಬರುತ್ತದೆ, ಎಂದರು ಮಾರ್ಸೆಲ್. ಪ್ರಾಸರ್ ಉಸಿರು ನಿಲ್ಲಿಸಿ ಓದಿದರು. ಭಾರ ಬಂತು. ನಡುವಿನ ಕೊವಾಲ್ಚುಕ್ ಅಕ್ಕ ಕಣ್ಣೊರೆಸಿಕೊಂಡು, ಈಗ ಸರಿಯಾಯಿತು, ಎಂದರು.

ನಾನು ತಡೆಯಲಾರದೆ ಡುವೇನ್‌ನನ್ನು ಮೂಲೆಗೆ ಎಳೆದು, ಇದೇನು ನಡೆಯುತ್ತಿದೆ ಎಂದು ಕೇಳಿದೆ. ಅವನು ನಟ್ಟುಗಳನ್ನು ಒರೆಸುತ್ತಿದ್ದ.

"ಕೆಟ್ಟ ಭಾಷಣ ಕೇಳ್ಕೊಂಡು ಬೀದಿಗೆ ಬೀಳ್ಬೇಕಾ ತಮ್ಮಾ? ಬಿದ್ರೆ ಒಳ್ಳೇದು ಕೇಳ್ಕೊಂಡು ಬೀಳೋಣ."

ಕೂಟದಲ್ಲಿ ಯಾರಿಗೂ ಕಾರ್ಯತಂತ್ರದ ಗಂಧವಿಲ್ಲ. ಎರಡು ತಲೆ ಬೇಕು, ಎರಡೇ. ನಾನೇ ಕಣಕ್ಕೆ ಇಳಿಯಬೇಕಾಯಿತು.

ಮಾರ್ಚ್ 14, ಶನಿವಾರ

ಸದಸ್ಯ ಸಂಗ್ರಹ ಅಭಿಯಾನದ ವರದಿ. ಟ್ರೆವರ್: ಇಲ್ಲ. ಅಂಚೆ ಕಚೇರಿಯ ಹೆಂಗಸು: ಮಂಗಳವಾರ ಕರ್ಲಿಂಗ್ ಆಟವಿದೆ. ನಮ್ಮ ಅಮ್ಮ: ನಿನ್ನ ಎದುರಿಗೆ ಮಾತಾಡಿಯೇ ಗಂಟಲು ಹೋಗಿದೆ. ಪಕ್ಕದ ಮನೆಯ ನಾಯಿಯ ಹೆಸರಿನಲ್ಲಿ ಅರ್ಜಿ ತುಂಬಿದೆ. ಮೊದಲ ಭಾಷಣ ಯಾರು ಮಾಡುತ್ತಾರೆಂಬ ತಾಂತ್ರಿಕ ತೊಡಕು ಎದುರಾಯಿತು.

ಕೊನೆಗೆ ಯಂತ್ರದ ಶೆಡ್ಡಿಗೆ ಹೋಗಿ ಗ್ಲೆನ್‌ನನ್ನು ಕೇಳಿದೆ. ಅವನು ಬ್ಲೇಡಿನ ಮಂಜು ಕೆರೆಯುತ್ತಾ ಬಹಳ ಹೊತ್ತು ಯೋಚಿಸಿದ.

"ಬರ್ತಿದ್ದೆ ಕಣೋ. ಆದ್ರೆ ಸತ್ತುಹೋಗಿದ್ದೀನಲ್ಲ."

ಆಮೇಲೆ ಅವನೇ ಒಂದು ಕಪ್ ಕಾಫಿ ಕೊಟ್ಟ. ಅವತ್ತಿಂದ ಅತ್ತೆ ದಿನಾ ಫೋನ್ ಮಾಡಿ ಬದುಕಿದ್ದೀಯಾ ಎಂದು ಕೇಳುತ್ತಾಳಂತೆ, ಮೊದಲು ಹಬ್ಬಕ್ಕೂ ಮಾಡುತ್ತಿರಲಿಲ್ಲವಂತೆ. ನಾನು ತಪ್ಪಾಯಿತು ಎಂದೆ. ಯಾವ ಧ್ವನಿಯಲ್ಲಿ ಹೇಳಬೇಕೆಂದು ತಿಳಿಯಲಿಲ್ಲ, ಇದ್ದ ಧ್ವನಿಯಲ್ಲೇ ಹೇಳಿಬಿಟ್ಟೆ. ಅವನು ಕೆರೆಯುವುದನ್ನು ನಿಲ್ಲಿಸಲಿಲ್ಲ. ಆದರೆ ಸಕ್ಕರೆ ಡಬ್ಬಿ ನನ್ನ ಕಡೆ ತಳ್ಳಿದ.

ಅಭಿಯಾನದ ಫಲ: ಸೊನ್ನೆ.

ಮಾರ್ಚ್ 17, ಮಂಗಳವಾರ. ಸಹಿ 10.

ಶಿಕ್ಷೆ ಪೂರ್ಣ. ಡಾರ್ಲೀನ್ ಹತ್ತು ಸಹಿಗಳನ್ನೂ ಕನ್ನಡಕ ಹಾಕಿಕೊಂಡು ನೋಡಿ, ಕಪಾಟಿನ ಬೀಗ ತೆಗೆದು ಮೈಕು ಕೈಗಿಟ್ಟರು. ಮುಂದಿನ ಮಂಗಳವಾರ ಸಂಜೆ ಏಳಕ್ಕೆ ಮೊದಲ ನಾಕ್‌ಔಟ್ ಪಂದ್ಯ. ಗಾಜಿನ ಗೂಡು, ನಾನು, ಸಾವಿರ ಜನ. ಇನ್ನು ಸಹಿಯ ಲೆಕ್ಕ ಬರೆಯುವ ಕೆಲಸವೂ ತಪ್ಪಿತು. ಸಂತೋಷದ ದಿನವೆಂದು ದಾಖಲಿಸುತ್ತೇನೆ.

ಮುಂದಿನ ಮಂಗಳವಾರ ದೀಪದ ಪೆಟ್ಟಿಗೆ ಯಾರು ನೋಡಿಕೊಳ್ಳುತ್ತಾರೆಂದು ಇರ್ಯಾ ಅವರನ್ನು ಕೇಳಿದೆ. "ಅದು ನಮ್ಮ ತಾಪತ್ರಯ ಬಿಡು ಮರಿ. ನಿಂದು ಪಂದ್ಯ ಇದೆಯಲ್ಲ," ಎಂದರು. ಕೊವಾಲ್ಚುಕ್ ಅಕ್ಕತಂಗಿಯರಿಗೆ ಸೆಕೆಂಡಿನ ಮುಳ್ಳು ಕಾಣುವುದಿಲ್ಲ. ಡುವೇನ್‌ಗೆ ಎರಡೂ ಕೈಯಲ್ಲಿ ಕೆಲಸ. ಹಳದಿ ಬಲ್ಬಿನ ತಂತಿ ಬೇರೆ ಸಡಿಲವಾಗಿದೆ, ಅದನ್ನು ಎಡಕ್ಕೆ ಒತ್ತಿ ಹಿಡಿಯಬೇಕೆಂದು ಅವರಿಗೆ ಗೊತ್ತಿಲ್ಲ.

ನನಗೇನು.

ಮಾರ್ಚ್ 25, ಬುಧವಾರ, ಬೆಳಿಗ್ಗೆ

ನಿನ್ನೆಯ ಘಟನೆಗಳನ್ನು ಕ್ರಮವಾಗಿ ಬರೆಯುತ್ತೇನೆ.

ಆರೂವರೆಗೆ ಅಂಗಳಕ್ಕೆ ಹೊರಟೆ. ದಾರಿಯಲ್ಲಿ ಜೇಬಿಗೆ ಕೈ ಹಾಕಿದರೆ ಅಡುಗೆಮನೆಯ ಟೈಮರ್ ಸಿಕ್ಕಿತು. ಅದಿಲ್ಲದೆ ಕೂಟದವರು ಸಮಯ ನೋಡುವುದು ಹೇಗೆ? ಕೊಟ್ಟು ಬಂದರಾಯಿತೆಂದು ಭವನದ ಮೆಟ್ಟಿಲು ಹತ್ತಿದೆ. ಕೊಟ್ಟೆ. ಹಳದಿ ಬಲ್ಬನ್ನು ಹೇಗೆ ಒತ್ತಬೇಕೆಂದು ತೋರಿಸಲು ಕೂತೆ. ಕೂತವನು ಏಳುವಷ್ಟರಲ್ಲಿ ಏಳು ಗಂಟೆಯಾಗಿತ್ತು. ಡಾರ್ಲೀನ್‌ಗೆ ಸಂದೇಶ ಕಳಿಸಿದೆ: ಇವತ್ತಿಗೆ ಟ್ರೆವರ್‌ನನ್ನು ಕೂರಿಸಿ. ಮನುಕುಲ ಒಂದು ಸಂಜೆ ತಡೆದುಕೊಳ್ಳಲಿ.

ಪ್ರಾಸರ್ ಎದ್ದರು. ಹೊಸ ಟೈ. ಇರ್ಯಾ ಕೈ ಕುಲುಕಿ ಪೀಠ ಒಪ್ಪಿಸಿದರು. ಅವರ ಕೈಯೇ ತಣ್ಣಗಿತ್ತೆಂದು ಪ್ರಾಸರ್ ಆಮೇಲೆ ಹೇಳಿದರು.

ಮೊದಲ ನಾಲ್ಕು ನಿಮಿಷ ಹಾಳೆಯನ್ನು ಮುಟ್ಟಲೇ ಇಲ್ಲ. ತಮ್ಮ ಬಗ್ಗೆ ಮಾತಾಡಿದರು. ಚಿಕ್ಕಂದಿನಲ್ಲಿ ಕೆರೆಯ ದಡದಲ್ಲಿ ದೋಣಿಗಳ ಹೆಸರುಗಳನ್ನು ಕುರುಡಿಯಾಗಿದ್ದ ಅಜ್ಜಿಗೆ ಓದಿ ಹೇಳುತ್ತಿದ್ದರಂತೆ. ಅಜ್ಜಿ ಒಂದೊಂದು ಹೆಸರಿಗೂ, ಹೌದಾ, ಅದು ಬಂತಾ, ಎನ್ನುತ್ತಿದ್ದಳಂತೆ. ಅಜ್ಜಿ ಹೋದ ಮೇಲೆ ಯಾರೂ ಹಾಗೆ ಕೇಳಲಿಲ್ಲ, ನಿಧಾನವಾಗಿ ನಾನೂ ಜನ ಕೇಳುವಂತೆ ಓದುವುದನ್ನು ಬಿಟ್ಟೆ, ಎಂದರು. ಆಮೇಲೆ ಹಾಳೆಗಳನ್ನು ಎತ್ತಿಕೊಂಡು ನೋಟಿಸು ಓದತೊಡಗಿದರು. ಉಪವಿಧಿಗಳಿಗೂ ಒಂದು ಲಯ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಡಬ್ಬಿಯಲ್ಲಿ ಒಂದು ನಟ್ಟೂ ಬೀಳಲಿಲ್ಲ.

ಒಂಬತ್ತನೆಯ ನಿಮಿಷಕ್ಕೆ ಹಳದಿ ಹಚ್ಚಿದೆ. ಮೂರನೆಯ ಹಾಳೆ ಮುಗಿಯಿತು. ನನ್ನ ಹೆಬ್ಬೆರಳು ಕೆಂಪು ಗುಂಡಿಯ ಮೇಲೆಯೇ ಇತ್ತು. ಒತ್ತಿದ್ದರೆ ಚಪ್ಪಾಳೆ, ಅವರು ಕೂರುತ್ತಿದ್ದರು, ನೋಟಿಸು ಅರ್ಧಕ್ಕೇ ನಿಲ್ಲುತ್ತಿತ್ತು. ಪ್ರಾಸರ್ ಪೆಟ್ಟಿಗೆಯ ಕಡೆ ಒಮ್ಮೆಯೂ ನೋಡಲಿಲ್ಲ, ನಂಬಿಕೊಂಡು ಓದುತ್ತಿದ್ದರು. ಒತ್ತಲಿಲ್ಲ. ಹಳೆಯ ಬಲ್ಬು, ಸುಮ್ಮನೆ ಉರಿಸಬಾರದು.

'ಬೀಗ ಹಾಕಲಾಗುವುದು' ಎಂಬುದಕ್ಕೆ ಮುಂಚೆ ಉಸಿರು ನಿಲ್ಲಿಸಿದರು. ಅಂಗಳದಿಂದ, ಎರಡು ಬೀದಿ ಆಚೆಯಿಂದ, ಜನರ ಕೂಗು ಸಣ್ಣಗೆ ಕೇಳಿಸಿತು. ಇನ್ನು ಉಳಿದದ್ದು ಒಂದೇ ಸಾಲು. ಓದುವವರು ಸದಸ್ಯರ ಸಂಖ್ಯೆಯನ್ನು ಕೇಳಿ ತುಂಬಬೇಕಾದ ಖಾಲಿ ಜಾಗ ಇದ್ದ ಸಾಲು. ಪ್ರಾಸರ್ ಪೆನ್ನಿನ ಮುಚ್ಚಳ ತೆಗೆದರು.

"ಅಧ್ಯಕ್ಷರೇ, ನಿಮ್ಮ ಕೂಟದಲ್ಲಿ ಎಷ್ಟು ಜನ?"

"ಆರು," ಎಂದರು ಇರ್ಯಾ. ಬಸ್ಸಿನಲ್ಲಿ ಮಕ್ಕಳನ್ನು ಎಣಿಸಿದಷ್ಟೇ ನೆಟ್ಟಗೆ.

"ಏಳು," ಎಂದರು ಪ್ರಾಸರ್. "ಈಗ ಮೊದಲಿಗೆ ಮಾಡಿದ್ದು ಸದಸ್ಯನಾಗೋಕೆ ನನ್ನ ಬಗ್ಗೆ ನಾನು ಮಾಡಬೇಕಾದ ಭಾಷಣ. ನಾಲ್ಕು ನಿಮಿಷ ದಾಟಿದೆ. ದೀಪ ನೋಡ್ಕೊಳ್ಳೋರು ಹೇಳಲಿ."

ಅವರು ಹಾಳೆ ಎತ್ತಿಕೊಂಡಾಗಲೇ ಟೈಮರ್ ನೋಡಿ ಗುರುತು ಹಾಕಿಕೊಂಡಿದ್ದೆ; ನಾಲ್ಕು ನಿಮಿಷ ಹದಿನೆಂಟು ಸೆಕೆಂಡು, ಎಂದೆ.

ಏಳು. ಪ್ರಾಸರ್ ಪೆನ್ನನ್ನು ಹಾಗೇ ಹಿಡಿದು ನಿಂತರು. ತಮ್ಮ ಕಡೆಯಿಂದ ಆಗುವಷ್ಟು ಮಾಡಿದ್ದಾಗಿತ್ತು, ಇನ್ನು ಇದ್ದದ್ದನ್ನು ಬರೆಯಲೇಬೇಕು. ಕೋಣೆಯಲ್ಲಿ ಯಾರೂ ನನ್ನ ಕಡೆ ನೋಡಲಿಲ್ಲ. ಮಾರ್ಸೆಲ್ ಬೂಟು ನೋಡಿಕೊಂಡರು, ಅಕ್ಕತಂಗಿಯರು ಟಾರ್ಟಿನ ತಟ್ಟೆ ನೋಡಿದರು, ಡುವೇನ್ ಡಬ್ಬಿಯೊಳಗೆ ನೋಡಿದ. ಒಬ್ಬರಾದರೂ ನೋಡಿದ್ದರೆ ಒಂದು ಗೇಲಿ ಮಾತಾಡಿ ಪಾರಾಗುತ್ತಿದ್ದೆ. ಅದು ಗೊತ್ತಿದ್ದೇ ಯಾರೂ ನೋಡಲಿಲ್ಲವೇನೋ, ಮಹಾ ಕಿಲಾಡಿಗಳು.

ನಾನು ಎದ್ದೆ. ದೀಪ ಯಾರು ನೋಡುತ್ತಾರೆ ಎಂದು ಕೇಳಿದೆ. ಇರ್ಯಾ ಪೆಟ್ಟಿಗೆಯನ್ನು ಎತ್ತಿ ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಪ್ರಾಸರ್ ಕೈ ಕುಲುಕಿ ಪೀಠ ಬಿಟ್ಟುಕೊಟ್ಟರು.

ಮೊದಲ ಇಪ್ಪತ್ತು ಸೆಕೆಂಡು ಹಳೆಯ ಕಾರ್ಯತಂತ್ರವೇ. ಆಮೇಲೆ ಬಾಯಿಂದ ಬಂದದ್ದು ಬಟ್ಟೆ ಬದಲಿಸುವ ಕೋಣೆಯ ವಿಷಯ. ಅದನ್ನು ಹೇಳುತ್ತೇನೆಂದು ನನಗೂ ಗೊತ್ತಿರಲಿಲ್ಲ. ಎರಡು ವರ್ಷ ಗಾಜಿನ ಹಿಂದೆ ಕೂತು ಆ ಹುಡುಗರ ಹೆಸರು ಕೂಗಿದ್ದೇನೆ, ಊರೆಲ್ಲ ಕೇಳುವ ಹಾಗೆ. ನೆಲ ಉಜ್ಜಲು ಹೋದ ಮೇಲೆ ತಿಳಿಯಿತು, ಅವರಲ್ಲಿ ಒಬ್ಬನೂ ನನಗೆ ಗೊತ್ತಿರಲಿಲ್ಲ. ಗೋಲ್‌ಕೀಪರ್ ಪ್ರತಿ ಪಂದ್ಯಕ್ಕೂ ಮುಂಚೆ ವಾಂತಿ ಮಾಡಿಕೊಂಡು, ತಾನೇ ಒರೆಸಿ, ಬಟ್ಟೆಯನ್ನು ಮಡಚಿ ಇಟ್ಟು ಹೋಗುತ್ತಾನೆ. ನಾನು ಯಾವಾಗಲೂ ಸಿಂಹದ ಗರ್ಜನೆ ಸೇರಿಸಿ ಕೂಗುವ ದೊಡ್ಡ ಡಿಫೆಂಡರ್, ಬೆಂಚಿನ ಕೆಳಗೆ ತಂಗಿಗೆ ಲೆಕ್ಕ ಹೇಳಿಕೊಡುವ ಪುಸ್ತಕ ಇಟ್ಟಿರುತ್ತಾನೆ. ಹದಿನಾಲ್ಕನೆಯ ನಂಬರಿನವನು ಇಡೀ ಋತುವಿನಲ್ಲಿ ಒಮ್ಮೆಯೂ ಮಂಜಿಗೆ ಇಳಿದಿಲ್ಲ; ಆದರೆ ಪ್ರತಿ ಸಲ ಸ್ಕೇಟಿಗೆ ಹೊಸ ದಾರ ಕಟ್ಟಿಕೊಂಡು ಬರುತ್ತಾನೆ. ಅವನ ಹೆಸರನ್ನು ನಾನು ಒಂದು ದಿನವೂ ಕೂಗಿಲ್ಲ. ಅದಕ್ಕೇ ಇಲ್ಲಿ ಕೂಗುತ್ತೇನೆಂದು ಹೇಳಿ, ಕೂಗಲಿಲ್ಲ, ಹೇಳಿದೆ. ಕಾಲಿನ್ ಬೋಷೆ, ಎಂದೆ.

ಠಣ್ ಠಣ್ ಎಂಬುದು ಕೇಳಿಸುತ್ತಿತ್ತು, ಬಹಳ ದೂರದಲ್ಲಿ. ಹಸಿರು ಹತ್ತಿದ್ದು ಗೊತ್ತು. ಹಳದಿಗೆ ಇರ್ಯಾ ಎಡಕ್ಕೆ ಒತ್ತಿ ಹಿಡಿದಿದ್ದರು. ಕೆಂಪು ಹತ್ತಿದ್ದು ಕಾಣಲಿಲ್ಲ. ಚಪ್ಪಾಳೆ ಶುರುವಾದ ಮೇಲೆಯೇ ನಾನಿನ್ನೂ ಮಾತಾಡುತ್ತಿದ್ದೇನೆಂದು ತಿಳಿದದ್ದು. ಇನ್ನೊಂದು ಮಾತು ಇದೆ ಎಂದೆ. "ಕೂತ್ಕೋ ಮರಿ, ಮುಂದಿನ ಮಂಗಳವಾರ ಹೇಳು," ಎಂದರು ಇರ್ಯಾ.

ಪ್ರಾಸರ್ ಮತ್ತೆ ಪೀಠಕ್ಕೆ ಬಂದರು. ಖಾಲಿ ಜಾಗದಲ್ಲಿ ಏನೋ ಬರೆದು, ಹಾಳೆ ಎತ್ತಿ ಹಿಡಿದು, ಕೊನೆಯ ಸಾಲನ್ನು ಓದಿದರು. ಈ ನೋಟಿಸು ಓದಿ ಮುಗಿಸುವ ಹೊತ್ತಿಗೆ ಸದರಿ ಸಂಘದ ಸದಸ್ಯರ ಸಂಖ್ಯೆ, ಎಂದು ನಿಲ್ಲಿಸಿದರು. ಎಷ್ಟು ಹೊತ್ತು ನಿಲ್ಲಿಸಿದರೆಂದರೆ ನಾನು ಕುರ್ಚಿಯ ಅಂಚಿಗೆ ಬಂದಿದ್ದೆ. ಎಂಟು ಆಗಿರುವುದರಿಂದ, ಎಂದರು ಆಮೇಲೆ. ಮತ್ತೆ ನಿಲ್ಲಿಸಿದರು. ಈ ನೋಟಿಸು ರದ್ದಾಗಿದೆ.

ಕೊವಾಲ್ಚುಕ್ ಅಕ್ಕತಂಗಿಯರು ಮೂವರೂ ಒಟ್ಟಿಗೆ ಅತ್ತು, ಒಟ್ಟಿಗೆ ಮೂಗು ಒರೆಸಿಕೊಂಡರು. ಮಾರ್ಸೆಲ್ ಎದ್ದು ನಿಂತು ತಟ್ಟಿದರು, ಆಮೇಲೆ ಎಲ್ಲರೂ ಎದ್ದರು. ಇರ್ಯಾ ಮಾತ್ರ ಕೂತೇ ಇದ್ದರು. ತೊಡೆಯ ಮೇಲಿನ ಪೆಟ್ಟಿಗೆಯ ಮೂರೂ ದೀಪಗಳನ್ನು ಒಟ್ಟಿಗೆ ಹಚ್ಚಿದ್ದರು. ನಿಯಮಾವಳಿಯಲ್ಲಿ ಇದಕ್ಕೆ ಅರ್ಥವಿಲ್ಲ. ಹಿಮಸಾರಂಗಗಳು ಬೇರೆ ಬಿಡಾರ ಹುಡುಕಿಕೊಳ್ಳಲಿ.

ಉತ್ತಮ ಭಾಷಣಕ್ಕೆ ಮತದಾನ ನಡೆಯಿತು. ಪ್ರಾಸರ್‌ಗೆ ಏಳು, ನನಗೆ ಒಂದು. ಆ ಒಂದು ಪ್ರಾಸರ್ ಅವರದು. ನಾನು ನನಗೇ ಹಾಕಿಕೊಳ್ಳುವ ಪೂರ್ಣ ಸಂಕಲ್ಪದಿಂದ ಚೀಟಿ ತೆಗೆದವನು. ಅದು ಹೇಗೆ ತಪ್ಪಿತೋ ತನಿಖೆಯಾಗಬೇಕು. ನಟ್ಟುಗಳು ಇಪ್ಪತ್ಮೂರು. ಕೂಟದ ಹೊಸ ದಾಖಲೆ ಎಂದು ಡುವೇನ್ ನನ್ನ ಬೆನ್ನು ತಟ್ಟಿದ. ಮಾರ್ಸೆಲ್‌ರ ವಿಮರ್ಶೆ: ಧ್ವನಿ ನಿನ್ನದೇ ಇತ್ತು, ಆದರೆ ಎರಡೂ ಕೈ ಜೇಬಿನಲ್ಲಿದ್ದವು, ಹೆಣದ ಕೈಗಳನ್ನೂ ನಾನು ಅದಕ್ಕಿಂತ ಚೆನ್ನಾಗಿ ಇಡುತ್ತೇನೆ, ಒಟ್ಟಿನಲ್ಲಿ ಇನ್ನೊಂದು ಸಲ ಕೇಳಬೇಕು ಅನಿಸಿತು.

ಮನೆಗೆ ಬರುವಾಗ ಅಂಗಳದಿಂದ ದೊಡ್ಡ ಕೂಗು ಎದ್ದಿತು. ಗೋಲು. ಹಿಂದೆಯೇ ಟ್ರೆವರ್‌ನ ಬಾತುಕೋಳಿ. ಯಾರ ಹೆಸರೆಂದು ತಿಳಿಯಲಿಲ್ಲ. ನಾಳೆ ಕೋಣೆ ಉಜ್ಜುವಾಗ ಕೇಳಬೇಕು. ಉಜ್ಜುವ ಕೆಲಸ ಮುಗಿದಿದೆ ಎಂದು ಡಾರ್ಲೀನ್ ಹೇಳಿದ್ದಾರೆ. ಅವರು ಹೇಳಿದ್ದಕ್ಕೆಲ್ಲ ತಲೆಯಾಡಿಸಲು ನಾನೇನು ಅವರ ನೌಕರನೇ?

ಮಾರ್ಚ್ 28, ಶನಿವಾರ

ಇನ್ನು ಮಂಗಳವಾರದ ಪಂದ್ಯಗಳಿಗೆ ಟ್ರೆವರ್, ಶನಿವಾರಕ್ಕೆ ನಾನು. ಡಾರ್ಲೀನ್ ಕಾರಣ ಕೇಳಿದರು. ಊರಾಡಳಿತದ ಮಟ್ಟದ ಜವಾಬ್ದಾರಿಗಳಿವೆ ಎಂದೆ.

ಎರಡನೆಯ ಭಾಷಣದ ವಿಷಯ ಇನ್ನೂ ಗಟ್ಟಿಯಾಗಿಲ್ಲ. ಇವತ್ತು ಬಚ್ಚಲಲ್ಲಿ ಅಭ್ಯಾಸ ಮಾಡಿದೆ. ಆರು ನಿಮಿಷ, ಆಂಗಳು ಒಂಬತ್ತು. ಅಮ್ಮ ಬಾಗಿಲು ಬಡಿದು, ಒಳಗೆ ಯಾರ ಜೊತೆ ಮಾತಾಡ್ತಿದ್ದೀಯೋ, ಎಂದಳು.

"ಏಳು ಜನ ಕೂತಿದ್ದಾರಮ್ಮ. ಸುಮ್ನಿರು, ಹಳದಿ ಹತ್ತಿದೆ."